ನವೆಂಬರ್ ಒಂದರ ಮುಂಚಿನ ಶನಿವಾರಗಳು

ನವೆಂಬರ್ 1 ಎಂದರೆ ಊರಿನಲ್ಲಿ ಹಳದಿ-ಕೆಂಪು ಬಾವುಟ, ಆಟೋಗಳಿಗೆಲ್ಲ ಹೂವಿನ ಹಾರ, ಬೆಳಗಿನಿಂದಲೇ ಮೈಕಿನಲ್ಲಿ ಹಾಡು. ನಾವಿರುವ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆ ರಾಜ್ಯೋತ್ಸವವನ್ನು ಹಾಲ್ ಸಿಗುವ ಯಾವುದೋ ಶನಿವಾರಕ್ಕೆ ತಳ್ಳಿಕೊಂಡು ಮಾಡುತ್ತೇವೆ, ಅದು ಬೇರೆ ಮಾತು. ಮನೆಯಲ್ಲಿ ಹನ್ನೆರಡನೇ ತರಗತಿಯ ಮಗುವಿದ್ದರೆ ಮಾತ್ರ ಆ ತಾರೀಕು ಕಾಲೇಜು ಅರ್ಜಿಯ ಗಡುವು. ಅರ್ಲಿ ಆಕ್ಷನ್, ಅರ್ಲಿ ಡಿಸಿಷನ್ ಎಂಬ ಮೊದಲ ಸುತ್ತಿನ ಅರ್ಜಿಗಳನ್ನು ಎಷ್ಟೋ ಕಾಲೇಜುಗಳು ಅಂದು ರಾತ್ರಿ 11 ಗಂಟೆ 59 ನಿಮಿಷಕ್ಕೆ ಮುಚ್ಚುತ್ತವೆ. ಅದಕ್ಕೆ ಆರೆಂಟು ವಾರ ಮುಂಚಿನಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ, ಗೊಂಬೆ ನೋಡಲು ಹೋದ ಮನೆಗಳಲ್ಲಿ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: "ಇನ್ನೊಂದ್ಸಲ ಎಸ್‌ಎಟಿ ಬರೆಸೋಣ್ವಾ?"

ಎಸ್‌ಎಟಿ ಎಂದರೆ ಕಾಲೇಜು ಅರ್ಜಿಗಾಗಿ ಬರೆಯುವ, ಒಟ್ಟು 1600 ಅಂಕದ ಇಂಗ್ಲಿಷ್-ಗಣಿತ ಪರೀಕ್ಷೆ. ಪ್ರಶ್ನೆಯಲ್ಲಿ "ಬರೆಸೋಣ್ವಾ" ಎಂದೇ ಇರುತ್ತದೆ, ಗಮನಿಸಿ. ಬರೆಯುವ ಮಗು ಆ ಮಾತಿನೊಳಗೆ ಎಲ್ಲೋ ಹಿಂದಿನ ಸಾಲಿನಲ್ಲಿ ಕೂತಿರುತ್ತದೆ.

ನನ್ನ ಮಗಳು ಕಾಲೇಜು ಸೇರಿ ಹೋದ ಮೇಲೆ, ಗೆಳತಿಯರ ಮಕ್ಕಳು ಅರ್ಜಿಯ ಜೊತೆ ಕಳಿಸುವ ತಮ್ಮ ಎಸ್ಸೇಗಳನ್ನು ನನ್ನ ಹತ್ತಿರ ಓದಿಸಿಕೊಂಡು ಹೋಗುವುದು ಅಭ್ಯಾಸವಾಗಿದೆ. ನಾನು ಕೌನ್ಸೆಲರ್ ಅಲ್ಲ, ದುಡ್ಡು ತೆಗೆದುಕೊಳ್ಳುವುದಿಲ್ಲ, ಯಾರಿಗೂ ಸೀಟು ಕೊಡಿಸಿದವಳೂ ಅಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, "ಈ ಪ್ಯಾರಾದಲ್ಲಿ ನೀನೆಲ್ಲಿದ್ದೀಯಪ್ಪ?" ಎಂದು ಕೇಳುವ ಆಂಟಿ, ಅಷ್ಟೆ. ಆ ಮೇಜಿನ ಪಕ್ಕದಲ್ಲಿ ಕೂತು ನೋಡಿದ್ದರಿಂದಲೇ ಈ ಕೊನೇ ಗಳಿಗೆಯ ಪರೀಕ್ಷೆಗಳ ಬಗ್ಗೆ ನನಗೊಂದು ಅಭಿಪ್ರಾಯ ಬೆಳೆದಿದೆ. ಹೇಳಿದರೆ ಕೆಲವರಿಗೆ ಬೇಸರವಾಗಬಹುದು.

ಮೊದಲು ಕ್ಯಾಲೆಂಡರ್. 2025ರ ಶರತ್ಕಾಲದಲ್ಲಿ ಎಸ್‌ಎಟಿ ಇದ್ದದ್ದು ಆಗಸ್ಟ್ 23, ಸೆಪ್ಟೆಂಬರ್ 13, ಅಕ್ಟೋಬರ್ 4, ನವೆಂಬರ್ 8, ಡಿಸೆಂಬರ್ 6, ಎಲ್ಲವೂ ಶನಿವಾರ. ಅದರ ದಾಯಾದಿ ಪರೀಕ್ಷೆ ಎಸಿಟಿ ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರಿನಲ್ಲಿ. ಎಸ್‌ಎಟಿ ಈಗ ಪೂರ್ತಿ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹೊರದೇಶಗಳಲ್ಲಿ 2023ರ ಮಾರ್ಚ್‌ನಿಂದ, ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಪೆನ್ಸಿಲ್ ಹೋಗಿ ಬ್ಲೂಬುಕ್ ಎಂಬ ಆ್ಯಪ್ ಬಂತು. ಮೂರು ಗಂಟೆಯ ಪರೀಕ್ಷೆ 2 ಗಂಟೆ 14 ನಿಮಿಷಕ್ಕೆ ಇಳಿಯಿತು, 98 ಪ್ರಶ್ನೆ. ಅಂಕ ಸುಮಾರು ಎರಡು ವಾರದಲ್ಲಿ ಕೈಗೆ ಬರುತ್ತದೆ. ಹಾಗಾಗಿ ಅಕ್ಟೋಬರ್ 4ರ ಅಂಕ ನವೆಂಬರ್ 1ರ ಗಡುವಿಗೆ ಆರಾಮವಾಗಿ ಸಿಗುತ್ತದೆ. ನವೆಂಬರ್ 8ರದ್ದು ಅರ್ಜಿ ಹೋದ ಮೇಲೆ ಬರೆಯುವ ಪರೀಕ್ಷೆ. ಎಂಐಟಿಯಂಥವರು ಅರ್ಲಿ ಅರ್ಜಿದಾರರಿಂದ ನವೆಂಬರಿನ ಅಂಕವನ್ನೂ ತೆಗೆದುಕೊಳ್ಳುತ್ತಾರೆ, ಇನ್ನು ಕೆಲವರು ಅಕ್ಟೋಬರಿಗೇ ಗೆರೆ ಎಳೆಯುತ್ತಾರೆ. ಜಾರ್ಜಿಯಾ ಟೆಕ್ ತನ್ನ ರಾಜ್ಯದ ಮಕ್ಕಳಿಗೆ ಅಕ್ಟೋಬರ್ ಮಧ್ಯಕ್ಕೇ ಅರ್ಲಿ ಗಡುವು ಇಡುತ್ತದೆ. ಅಂಥ ಮನೆಗಳಿಗೆ ಅಕ್ಟೋಬರ್ 4 ಕೂಡ ಕತ್ತಿನವರೆಗೆ ನೀರು. ಇಷ್ಟನ್ನು ಕಾಲೇಜುಗಳ ಅಡ್ಮಿಷನ್ ಪುಟಗಳಲ್ಲಿ ಅರ್ಧ ಗಂಟೆಯಲ್ಲಿ ಓದಿಕೊಳ್ಳಬಹುದು. ಆದರೂ ನವೆಂಬರ್ ಪರೀಕ್ಷೆಗೆ ದುಡ್ಡು ಕಟ್ಟಿದ ಮೇಲೆ "ಇದು ಅವರಿಗೆ ನಡೆಯುತ್ತಾ?" ಎಂದು ಕೇಳಿಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ.

ಇಷ್ಟು ತಡವಾಗುವುದಾದರೂ ಯಾಕೆ? ಸೋಮಾರಿತನ ಎನ್ನುವವರಿಗೆ ಹನ್ನೊಂದನೇ ತರಗತಿಯ ಮಗುವಿನ ಒಂದು ವಾರ ತೋರಿಸಬೇಕು. ಅಕ್ಟೋಬರಿನಲ್ಲಿ ಎಸ್‌ಎಟಿಯ ಪೂರ್ವಾಭ್ಯಾಸದಂಥ ಪಿಎಸ್‌ಎಟಿ, ಮೇ ಮೊದಲೆರಡು ವಾರ ಕಾಲೇಜು ಮಟ್ಟದ ವಿಷಯಗಳ ಎಪಿ ಪರೀಕ್ಷೆಗಳು, ಜೂನ್ ಮೊದಲ ಶನಿವಾರ ಎಸ್‌ಎಟಿ, ಅದೇ ಸುಮಾರಿಗೆ ಶಾಲೆಯ ಫೈನಲ್ಸ್. ಅದು ಮುಗಿಯುತ್ತಿದ್ದಂತೆ ನಮ್ಮವರೆಲ್ಲ ಊರಿಗೆ ಹೊರಡುತ್ತಾರೆ. ಸೂಟ್‌ಕೇಸಿನಲ್ಲಿ ಬಟ್ಟೆಗಳ ಅಡಿಗೆ ಎಸ್‌ಎಟಿ ಪುಸ್ತಕವೂ ಮೈಸೂರಿಗೆ ಹೋಗುತ್ತದೆ. ಅಲ್ಲಿ ಒಬ್ಬರ ಮನೆ ಊಟ, ಇನ್ನೊಬ್ಬರ ಮಗನ ಉಪನಯನ, ಚಾಮುಂಡಿ ಬೆಟ್ಟ, ನಂಜನಗೂಡು. ಪುಸ್ತಕ ಸೂಟ್‌ಕೇಸಿನಿಂದ ಹೊರಬಂದರೂ ಮೂರನೇ ಅಧ್ಯಾಯ ದಾಟುವುದಿಲ್ಲ. ಆಗಸ್ಟ್ ಮೊದಲ ವಾರ ವಾಪಸ್, ಜೆಟ್‌ಲ್ಯಾಗ್, ಈ ಕಡೆ ಶಾಲೆಗಳು ಆಗಸ್ಟ್ ಮಧ್ಯಕ್ಕೇ ಶುರು, ಹಿಂದೆಯೇ ಆಗಸ್ಟಿನ ಎಸ್‌ಎಟಿ. ಆ ಪರೀಕ್ಷೆ ಇಡೀ ವರ್ಷದಲ್ಲೇ ಅನುಕೂಲದ್ದು, ಬೇಸಿಗೆಯೆಲ್ಲ ಓದಿಕೊಂಡು ಬರೆಯಲಿ ಎಂದೇ 2017ರಲ್ಲಿ ಆಗಸ್ಟ್ ತಾರೀಕನ್ನು ಸೇರಿಸಿದ್ದು. ನಮ್ಮ ಮಕ್ಕಳಿಗೆ ಮಾತ್ರ ಅದು ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವ ವಾರದಲ್ಲಿ ಬರುತ್ತದೆ.

ಊರಿಗೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಜ್ಜಿ ತಾತ ಎಸ್‌ಎಟಿ ತಾರೀಕು ನೋಡಿಕೊಂಡು ವಯಸ್ಸಾಗುವುದಿಲ್ಲವಲ್ಲ.

ಇನ್ನೊಂದು ಕಾರಣ ಕಾಲೇಜುಗಳದ್ದೇ. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಬಾಗಿಲು ಹಾಕಿದಾಗ ಹೆಚ್ಚುಕಡಿಮೆ ಎಲ್ಲರೂ "ಟೆಸ್ಟ್ ಆಪ್ಷನಲ್" ಆದರು. ಅಂಕ ಇದ್ದರೆ ಕೊಡಿ, ಇಲ್ಲದಿದ್ದರೆ ಬೇಡ. ಎಂಐಟಿ 2022ರ ಮಾರ್ಚ್‌ನಲ್ಲಿ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಟೆಕ್ಸಸ್‌ನ ಆಸ್ಟಿನ್ ವಿಶ್ವವಿದ್ಯಾಲಯ ಸಾಲಾಗಿ ಅದೇ ದಾರಿ ಹಿಡಿದವು, ಯೇಲ್ ಎಸ್‌ಎಟಿ ಬದಲು ಎಪಿ ಅಥವಾ ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮ) ಅಂಕವೂ ಆಗುತ್ತದೆ ಎಂದಿತು. ಹಾರ್ವರ್ಡ್ ಇನ್ನೂ ಕೆಲವು ವರ್ಷ ಆಪ್ಷನಲ್ ಎಂದು ಮೊದಲೇ ಹೇಳಿಟ್ಟಿತ್ತು. 2024ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಮಾತು ಬದಲಿಸಿ, ಅದೇ ವರ್ಷ ಅರ್ಜಿ ಹಾಕುವವರಿಂದಲೇ ಅಂಕ ಬೇಕೆಂದಿತು. ಅದೇ ತಿಂಗಳು ಕ್ಯಾಲ್‌ಟೆಕ್ ಕೂಡ. ಪರೀಕ್ಷೆಯೇ ಬೇಡವೆಂದು ಎರಡು ವರ್ಷ ರೋಬಾಟಿಕ್ಸ್, ಭರತನಾಟ್ಯ ಎಂದು ಓಡಾಡಿಕೊಂಡಿದ್ದ ಮಕ್ಕಳು ಆ ಬೇಸಿಗೆ ಎದ್ದುಬಿದ್ದು ಪರೀಕ್ಷೆ ಹುಡುಕಿಕೊಂಡು ಹೊರಟರು. ಅವರದು ತಡ ಎಂದು ಹೇಗೆ ಹೇಳುವುದು? ನಿಯಮ ತಡವಾಗಿ ಬಂತು, ಅಷ್ಟೇ.

ಹುಡುಕಿಕೊಂಡು ಎಂದೆನಲ್ಲ, ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಎಲ್ಲ ಸೇರಿದ ಯುಸಿ, 2021ರಿಂದ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ. ಕೊಟ್ಟರೂ ನೋಡುವುದಿಲ್ಲ. ರಾಜ್ಯದ ಇನ್ನೊಂದು ದೊಡ್ಡ ವ್ಯವಸ್ಥೆ ಸಿಎಸ್‌ಯು 2022ರಲ್ಲಿ ಪರೀಕ್ಷೆಯನ್ನು ಕೈಬಿಟ್ಟಿತು. ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳೇ ಕೇಳದ ಪರೀಕ್ಷೆಗೆ ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯಲು ಇಲ್ಲಿನ ಎಷ್ಟೋ ಶಾಲೆಗಳಿಗೆ ಉತ್ಸಾಹ ಉಳಿಯಲಿಲ್ಲ. ಹೊರರಾಜ್ಯದ ಕಾಲೇಜುಗಳಿಗೆ ಹೋಗಬಯಸುವ ಮಕ್ಕಳ ಸಂಖ್ಯೆ ಮಾತ್ರ ಇಳಿಯಲಿಲ್ಲ. ಹೀಗಾಗಿ ನಾವಿರುವ ಬೇ ಏರಿಯಾದ ಮಕ್ಕಳು ನಾಲ್ಕು ಗಂಟೆ ದೂರದ, ಪಕ್ಕದ ರಾಜ್ಯದ ರೀನೋ ಊರಿಗೆ ಹಿಂದಿನ ದಿನವೇ ಹೋಗಿ ಹೋಟೆಲಿನಲ್ಲಿ ಮಲಗೆದ್ದು ಪರೀಕ್ಷೆ ಬರೆಯುವಂತಾಗಿದೆ. ಕೊರತೆ ನೀಗಲೆಂದು 2024ರ ಜೂನ್‌ನಲ್ಲಿ ಓಕ್ಲೆಂಡ್‌ನ ದೊಡ್ಡ ಹೋಟೆಲೊಂದರಲ್ಲಿ ಒಟ್ಟಿಗೆ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಪರೀಕ್ಷೆ ಏರ್ಪಡಿಸಿದರೆ, ಇಂಟರ್‌ನೆಟ್ ಕೈಕೊಟ್ಟು ಮಕ್ಕಳು ಬರೆಯಲಾಗದೆ ಹಿಂತಿರುಗಿದರು. ಆಗಸ್ಟ್, ಅಕ್ಟೋಬರ್ ತಾರೀಕುಗಳಿಗೆ ಹತ್ತಿರದ ಕೇಂದ್ರ ಬೇಕೆಂದರೆ ಗಡುವಿನವರೆಗೆ ಕಾಯದೆ, ನೋಂದಣಿ ತೆರೆದ ಹೊಸದರಲ್ಲೇ ಸೀಟು ಹಿಡಿಯಬೇಕು. ಸೆಪ್ಟೆಂಬರ್‌ನಲ್ಲಿ "ಇನ್ನೊಂದ್ಸಲ ಬರೆಸೋಣ" ಎಂದು ಮನಸ್ಸು ಮಾಡಿದವರ ಪಾಲಿಗೆ ಉಳಿದಿರುವುದು ರೀನೋ, ಇಲ್ಲವೇ ಫ್ರೆಸ್ನೋದಿಂದಾಚೆ.

ನನ್ನ ಮಗಳು ಎರಡನೇ ಸಲ ಬರೆಯಲು ಹೊರಟಾಗ ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದಳು, "ಯಾಕೇ ಮತ್ತೆ ಬರೀತಿದಾಳೆ? ಹೋದ್ಸಲ ನಪಾಸಾಯ್ತಾ?"

"ಇಲ್ಲಮ್ಮ, ಚೆನ್ನಾಗೇ ಬಂದಿದೆ."

"ಚೆನ್ನಾಗ್ ಬಂದಿದ್ರೆ ಮತ್ಯಾಕೆ?"

ನಾನು ಏನೇನೋ ವಿವರಿಸಿದೆ. ಸೂಪರ್‌ಸ್ಕೋರ್ ಎಂದೆ: ಎರಡು ಸಲ ಬರೆದರೆ ಒಂದರಿಂದ ಇಂಗ್ಲಿಷಿನದು, ಇನ್ನೊಂದರಿಂದ ಗಣಿತದ್ದು, ಯಾವುದು ಹೆಚ್ಚೋ ಅದನ್ನು ಕೂಡಿಸಿಕೊಳ್ಳುತ್ತಾರೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎಷ್ಟು ಸಲ ಬೇಕಾದ್ರೂ ಬರೀಬಹುದಾ? ಯಾವಾಗ ನಿಲ್ಲಿಸ್ತೀರ?" ಎಂದಳು. ಆಮೇಲೆ ಅವರೆಕಾಯಿ ಕಾಲ ಯಾವಾಗ ಶುರುವಾಗುತ್ತೆ ಎಂಬಲ್ಲಿಗೆ ಮಾತು ಹೊರಳಿತು. ಆದರೆ ಆ ಎರಡನೇ ಪ್ರಶ್ನೆಯನ್ನು ಇಷ್ಟು ನೇರವಾಗಿ ಇಲ್ಲಿ ಯಾವ ತಂದೆತಾಯಿಯೂ ಕೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ತಲೆಮಾರಿನವರಿಗೆ ಇದು ಕಷ್ಟ ಯಾಕೆಂದರೆ ನಾವೆಲ್ಲ ಒಂದೇ ಸಲದ ಪರೀಕ್ಷೆಯ ಮಕ್ಕಳು. ನಾನು ಸಿಇಟಿ ಬರೆದದ್ದು ತೊಂಬತ್ತರ ದಶಕದಲ್ಲಿ, ಆ ವ್ಯವಸ್ಥೆ ಶುರುವಾಗಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಎರಡೂ ಸೇರಿ ಒಂದು ರ‍್ಯಾಂಕ್. ಆ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ಗೆ ಹೋದರೆ ಪರದೆಯ ಮೇಲೆ ಉಳಿದ ಸೀಟುಗಳು. ಅಲ್ಲಿ ನೀನು ಯಾರು, ಏನು ಓದುತ್ತೀಯ, ಸಂಜೆ ಹೊತ್ತು ಏನು ಮಾಡುತ್ತೀಯ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಮಗೆ ಉತ್ತರವೂ ಇರಲಿಲ್ಲ. ಪರೀಕ್ಷೆಯನ್ನು ಮತ್ತೆ ಬರೆಯುವುದೆಂದರೆ ಸಪ್ಲಿಮೆಂಟರಿ, ಸಪ್ಲಿಮೆಂಟರಿ ಎಂದರೆ ಬೀದಿಗೆಲ್ಲ ಗೊತ್ತಾಗುವ ಅವಮಾನ. ಅಮ್ಮನ ಪ್ರಶ್ನೆ ಬಂದದ್ದು ಅಲ್ಲಿಂದ. ಈಗ ಊರಲ್ಲೂ ಅದು ಬದಲಾಗುತ್ತಿದೆ. 2024ರಲ್ಲಿ ಕರ್ನಾಟಕದಲ್ಲಿ ಸಪ್ಲಿಮೆಂಟರಿ ಎಂಬ ಹೆಸರನ್ನೇ ಬಿಟ್ಟು ದ್ವಿತೀಯ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮಾಡಿದರು. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದದ್ದು ಉಳಿಯುತ್ತದೆ. ಜೆಇಇ ಮೇನ್ ಕೂಡ ವರ್ಷಕ್ಕೆ ಎರಡು ಸಲ ನಡೆಯುತ್ತದೆ.

ಇಲ್ಲಿಗೆ ಬಂದ ನಮಗೆ ಅಮೆರಿಕದ ಕಾಲೇಜು ಅರ್ಜಿಯಲ್ಲಿ ಪೂರ್ತಿ ಅರ್ಥವಾಗುವುದು ಪರೀಕ್ಷೆ ಒಂದೇ. ಸಿಟ್ಟಾಗುವವರು ಇಲ್ಲಿ ಆಗಬಹುದು. 650 ಪದಗಳ ಎಸ್ಸೇಯಲ್ಲಿ ಏನು ಬರೆದರೆ ಒಳ್ಳೆಯದು ಎಂದು ನಮಗೆ ತಿಳಿಯದು. ಇಂಗ್ಲಿಷ್ ಮೇಷ್ಟ್ರು ಶಿಫಾರಸು ಪತ್ರದಲ್ಲಿ ಏನು ಬರೆಯುತ್ತಾರೋ ನೋಡಲು ಸಿಗುವುದಿಲ್ಲ. ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಸಾಲು ಇದ್ದರೆ ಅದರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದು ಯಾರೂ ಹೇಳುವುದಿಲ್ಲ. ಆದರೆ 1480 ಎಂದರೆ 1480. ಅದು 1530 ಆದರೆ ಐವತ್ತು ಹೆಚ್ಚು. ಅಕ್ಟೋಬರ್ ಬರುತ್ತಿದ್ದಂತೆ ಭಯವಾಗುತ್ತದೆ, ಭಯವಾದಾಗ ಕೈಗೆ ಸಿಗುವ ಕಂಬ ತಬ್ಬಿಕೊಳ್ಳುತ್ತೇವೆ. ಕೋಚಿಂಗ್‌ಗೆ ದುಡ್ಡು ಕಟ್ಟಬಹುದು, ಭಾನುವಾರ ಪ್ರಾಕ್ಟೀಸ್ ಟೆಸ್ಟ್ ಇಡಬಹುದು, ತಪ್ಪುಗಳ ಎಕ್ಸೆಲ್ ಶೀಟ್ ಮಾಡಬಹುದು. ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನ ಸಿಗುತ್ತದೆ. ನಾನು ಕಂಡ ಕೊನೇ ಗಳಿಗೆಯ ಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಮಗುವಿನ ಅರ್ಜಿಗೆ ಬೇಕಾದದ್ದಲ್ಲ, ಅಪ್ಪ ಅಮ್ಮನ ನಿದ್ದೆಗೆ ಬೇಕಾದದ್ದು.

ಆ ಸಮಾಧಾನಕ್ಕೆ ದುಡ್ಡೊಂದೇ ಬೆಲೆಯಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಹೋದ ಶರತ್ಕಾಲದಲ್ಲಿ ಬರುತ್ತಿದ್ದ ಹುಡುಗನೊಬ್ಬ ಇಲ್ಲಿನ ವಾರಾಂತ್ಯದ ಕ್ರಿಕೆಟ್ ಲೀಗಿನಲ್ಲಿ ಸ್ಕೋರರ್. ಆಡುವುದಿಲ್ಲ, ಲೆಕ್ಕ ಬರೆಯುತ್ತಾನೆ. ದೊಡ್ಡವರ ಜಗಳಗಳ ನಡುವೆ ಪುಸ್ತಕ ಹಿಡಿದು ಕೂತ ಹದಿನೇಳರ ಹುಡುಗ, ಒಂದು ವೈಡ್ ಬಾಲನ್ನು ಬರೆದದ್ದಕ್ಕೆ ಎರಡೂ ತಂಡದವರಿಂದ ಬೈಸಿಕೊಂಡವನು. ಅದನ್ನು ಅವನು ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. "ಇದನ್ನೇ ಬರೆಯೋ" ಎಂದೆ. ಶುರು ಮಾಡಿದ. ಮೊದಲ ಪ್ಯಾರಾ ಎಷ್ಟು ಚೆನ್ನಾಗಿತ್ತೆಂದರೆ, ಉಳಿದದ್ದೂ ಹಾಗೇ ಬಂದರೆ ಸಾಕು ಎಂದುಕೊಂಡೆ. ಅಷ್ಟರಲ್ಲಿ ಮನೆಯಲ್ಲಿ ಅಕ್ಟೋಬರ್ ಪರೀಕ್ಷೆಯ ತೀರ್ಮಾನವಾಯಿತು. ಮಗನ 1480 ಕೆಟ್ಟ ಅಂಕವೇನಲ್ಲ, 1500 ಅಲ್ಲ ಅಷ್ಟೇ. "ಆಂಟಿ, ಸಂಡೇ ಫುಲ್ ಪ್ರಾಕ್ಟೀಸ್ ಟೆಸ್ಟ್ ಇದೆ. ಎಸ್ಸೇ ಮುಂದಿನ ವಾರ ನೋಡೋಣ್ವಾ?" ಮುಂದಿನ ವಾರ ಬಂತು, ಅದರ ಮುಂದಿನದೂ ಬಂತು. ವಿಜಯದಶಮಿ ಕಳೆದ ಮೇಲಿನ ಶನಿವಾರ ಪರೀಕ್ಷೆ. ಆಮೇಲೆ ಶಾಲೆಯ ಬಾಕಿ ಕೆಲಸ, ಆಮೇಲೆ ಅಂಕಕ್ಕೆ ಕಾಯುವುದು. ಕಾಯುವಾಗ ಬರೆಯಬಹುದಲ್ಲ ಎನ್ನುತ್ತೀರಿ, ಬರೆಯಲಾಗುವುದಿಲ್ಲ, ಕೇಳಿ ನೋಡಿ. ಬಂದದ್ದು 1490. ಎಸ್ಸೇಯ ಉಳಿದ ಭಾಗವನ್ನು ಅಕ್ಟೋಬರ್ ಕೊನೆಯ ವಾರ ರಾತ್ರಿ ಕೂತು ಮುಗಿಸಿದ. ಕೊನೆಯ ಪ್ಯಾರಾದಲ್ಲಿ "ಇದರಿಂದ ನಾನು ನಾಯಕತ್ವ ಕಲಿತೆ" ಎಂದಿತ್ತು. ಆ ಹುಡುಗನಿಗೆ ನಾಯಕತ್ವದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲ, ಅವನ ಆಸಕ್ತಿಯೆಲ್ಲ ಲೆಕ್ಕ ಸರಿಯಿರಬೇಕು ಎಂಬುದರಲ್ಲಿ. ಅದನ್ನು ಹುಡುಕಿ ಬರೆಯಲು ಬೇಕಿದ್ದದ್ದು ಪ್ರಾಕ್ಟೀಸ್ ಟೆಸ್ಟಿಗೆ ಹೋದ ಆ ಭಾನುವಾರಗಳು.

1480ರಿಂದ 1490ಕ್ಕೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ನಾನು ಹೇಳುವುದಲ್ಲ, ಅಂಕಪಟ್ಟಿಯೇ ಹೇಳುತ್ತದೆ. ಎಸ್‌ಎಟಿ ವರದಿಯಲ್ಲಿ ಅಂಕದ ಜೊತೆಗೆ ಒಂದು ವ್ಯಾಪ್ತಿಯನ್ನೂ ಮುದ್ರಿಸಿರುತ್ತಾರೆ: ಇದೇ ಮಗು ಇನ್ನೊಂದು ದಿನ ಬರೆದಿದ್ದರೆ ಅಂಕ ಇಷ್ಟರಿಂದ ಇಷ್ಟರ ನಡುವೆ ಎಲ್ಲಾದರೂ ಬೀಳಬಹುದಿತ್ತು ಎಂದು. ಹತ್ತು ಇಪ್ಪತ್ತು ಅಂಕದ ವ್ಯತ್ಯಾಸವೆಲ್ಲ ಆ ವ್ಯಾಪ್ತಿಯೊಳಗೇ ಮುಳುಗಿಹೋಗುತ್ತದೆ. ಆದರೂ 1490 ಬಂದವರಿಗೆ 1500ರ ಆಸೆ, 1390 ಬಂದವರಿಗೆ 1400ರದ್ದು. ಇದು ನಮ್ಮವರ ಹುಚ್ಚು ಮಾತ್ರ ಅಲ್ಲ. ಡೆವಿನ್ ಪೋಪ್ ಮತ್ತು ಯೂರಿ ಸಿಮನ್ಸನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಂಡು ಸಂಖ್ಯೆಗೆ ಸ್ವಲ್ಪವೇ ಕಡಿಮೆ ಬಂದ ಮಕ್ಕಳು ಎಸ್‌ಎಟಿಯನ್ನು ಮತ್ತೆ ಬರೆಯುವುದು ಹೆಚ್ಚು ಎಂದು ತೋರಿಸಿದ್ದಾರೆ. ಸೊನ್ನೆಗಳ ಮೋಹಕ್ಕೆ ಜಾತಿ ದೇಶ ಇಲ್ಲ.

ಹಾಗೆಂದು ಮತ್ತೆ ಬರೆಯುವುದೇ ವ್ಯರ್ಥ ಎಂದು ಓದಿಕೊಳ್ಳಬೇಡಿ. ಗುಡ್‌ಮನ್, ಗುರಾಂಟ್ಜ್, ಸ್ಮಿತ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದೇ ದುಂಡು ಸಂಖ್ಯೆಯ ಮೋಹವನ್ನು ಸಾಧನವಾಗಿಸಿಕೊಂಡು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡನೇ ಸಲ ಬರೆದರೆ ಅಂಕ ನಿಜಕ್ಕೂ ಏರುತ್ತದೆ, ನಾಲ್ಕು ವರ್ಷದ ಕಾಲೇಜು ಸೇರುವ ಸಾಧ್ಯತೆಯೂ ಏರುತ್ತದೆ. ಎಸ್‌ಎಟಿ ಬರೆಯುವವರಲ್ಲಿ ಮತ್ತೆ ಬರೆಯುವವರು ಅರ್ಧದಷ್ಟೇ, ಬಡ ಮನೆಗಳ ಮಕ್ಕಳಲ್ಲಿ ಇನ್ನೂ ಕಡಿಮೆ. ಲಾಭ ಹೆಚ್ಚು ಸಿಗುವುದು ಆ ಮಕ್ಕಳಿಗೇ. ಎರಡನೇ ಸಲ ಬರೆಯಬೇಕಾದವರು ಬರೆಯುತ್ತಿಲ್ಲ, ನಾಲ್ಕನೇ ಸಲ ಬರೆಯಬೇಕಿಲ್ಲದವರು ರೀನೋಗೆ ಕಾರು ಓಡಿಸುತ್ತಿದ್ದಾರೆ. ಫ್ರೀಮಾಂಟಿನಲ್ಲಿ ಕೂತು ಇದನ್ನು ಬರೆಯುವಾಗ ನನಗೆ ಸ್ವಲ್ಪ ಮುಜುಗರವೂ ಆಗುತ್ತದೆ.

ತಡವಾಗಿ ಬರೆದರೂ ಲಾಭವಾಗುವ ಸಂದರ್ಭಗಳಿವೆ, ಅವುಗಳನ್ನು ಗುರುತಿಸುವುದೂ ಅಂಥ ಕಷ್ಟವಲ್ಲ. ಒಂದೇ ಸಲ ಬರೆದಿದ್ದು, ಅದೂ ಜ್ವರದಲ್ಲೋ ಜೆಟ್‌ಲ್ಯಾಗ್‌ನಲ್ಲೋ ಬರೆದದ್ದಾಗಿದ್ದು, ಪ್ರಾಕ್ಟೀಸ್ ಟೆಸ್ಟಿನಲ್ಲಿ ಸತತವಾಗಿ ಅದಕ್ಕಿಂತ ನೂರು ಅಂಕ ಹೆಚ್ಚು ಬರುತ್ತಿದ್ದರೆ ಖಂಡಿತ ಬರೆಯಲಿ. ಬೇಕಾದ ಕಾಲೇಜು ಅಂಕವನ್ನು ಕಡ್ಡಾಯ ಮಾಡಿದ್ದು, ಅಲ್ಲಿ ಸೇರಿದವರ ಅಂಕಗಳ ನಡುವಿನ ಅರ್ಧಕ್ಕಿಂತ ಮಗುವಿನ ಅಂಕ ಸ್ಪಷ್ಟವಾಗಿ ಕೆಳಗಿದ್ದರೆ ಬರೆಯಲಿ. ಈ ನಡುವಿನ ಅರ್ಧವನ್ನು, ಅಂದರೆ ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಬಿಟ್ಟು ಉಳಿದವರ ಅಂಕದ ವ್ಯಾಪ್ತಿಯನ್ನು, ಹೆಚ್ಚಿನ ಕಾಲೇಜುಗಳು ಕಾಮನ್ ಡೇಟಾ ಸೆಟ್ ಎಂಬ ತಮ್ಮ ಅಂಕಿಅಂಶಗಳ ಪಟ್ಟಿಯಲ್ಲಿ ಹಾಕುತ್ತವೆ. ಆದರೆ ಆಪ್ಷನಲ್ ಕಾಲೇಜುಗಳ ಸಂಖ್ಯೆಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಅಲ್ಲಿ ಕಡಿಮೆ ಅಂಕದವರು ಅಂಕವನ್ನೇ ಕಳಿಸಿರುವುದಿಲ್ಲ, ಹಾಗಾಗಿ ಉಳಿದವರ ಸರಾಸರಿ ತಾನಾಗಿಯೇ ಮೇಲೇರಿರುತ್ತದೆ. ಅದನ್ನು ನೋಡಿ ಹೆದರಿ ಮಕ್ಕಳು ಒಳ್ಳೆಯ ಅಂಕವನ್ನೂ ಮುಚ್ಚಿಡುತ್ತಾರೆ. ಡಾರ್ಟ್‌ಮತ್ ತನ್ನದೇ ಅರ್ಜಿಗಳನ್ನು ಪರಿಶೀಲಿಸಿದಾಗ ಕಂಡದ್ದೂ ಇದೇ. ಅನುಕೂಲ ಕಡಿಮೆಯಿದ್ದ ಹಿನ್ನೆಲೆಯ ಎಷ್ಟೋ ಮಕ್ಕಳು, ಕಳಿಸಿದ್ದರೆ ಸಹಾಯವಾಗುತ್ತಿದ್ದ ಅಂಕವನ್ನು ಕಳಿಸದೇ ಬಿಟ್ಟಿದ್ದರು.

ಇನ್ನೊಂದು, ದುಡ್ಡು. ಅಟ್ಲಾಂಟಾ ಕಡೆಯ ಗೆಳತಿ ಹೇಳುವವರೆಗೆ ನನಗಿದು ಹೊಳೆದಿರಲಿಲ್ಲ. ಜಾರ್ಜಿಯಾದಲ್ಲಿ ಜೆಲ್ ಮಿಲ್ಲರ್ ವಿದ್ಯಾರ್ಥಿವೇತನಕ್ಕೆ ಶಾಲೆಯಲ್ಲಿ 3.7 ಜಿಪಿಎ ಜೊತೆಗೆ ಎಸ್‌ಎಟಿಯಲ್ಲಿ 1200 ಬೇಕು, ಅದೂ ಒಂದೇ ಸಲ ಬರೆದದ್ದರಲ್ಲಿ, ಸೂಪರ್‌ಸ್ಕೋರ್ ನಡೆಯದು. ಅಲಬಾಮಾ ವಿಶ್ವವಿದ್ಯಾಲಯದಂಥ ಕಡೆ ಅಂಕ ಮತ್ತು ಜಿಪಿಎ ನೋಡಿ ತಾನಾಗಿಯೇ ಸಿಗುವ ವಿದ್ಯಾರ್ಥಿವೇತನದ ಪಟ್ಟಿಯೇ ಇದೆ. ಫ್ಲೋರಿಡಾದ ಬ್ರೈಟ್ ಫ್ಯೂಚರ್ಸ್ ವಿದ್ಯಾರ್ಥಿವೇತನಕ್ಕೆ ಹನ್ನೆರಡನೇ ತರಗತಿ ಮುಗಿಯುವವರೆಗೂ ಬರೆದ ಪರೀಕ್ಷೆ ನಡೆಯುತ್ತದೆ. ಇಂಥ ಕಡೆ 1190 ಮತ್ತು 1200ರ ನಡುವಿನ ಹತ್ತು ಅಂಕ ಆ ವ್ಯಾಪ್ತಿ ಈ ವ್ಯಾಪ್ತಿ ಎಂಬ ಮಾತನ್ನೆಲ್ಲ ಬದಿಗೆ ಸರಿಸಿ ವಿದ್ಯಾರ್ಥಿವೇತನದ ಲೆಕ್ಕವಾಗುತ್ತದೆ. ಫ್ಲೋರಿಡಾದಲ್ಲಾದರೆ ಮಾರ್ಚ್‌ನಲ್ಲಿ ಬರೆದರೂ ತಡವಲ್ಲ. ವಿಚಿತ್ರವೆಂದರೆ ನಮ್ಮ ಗುಂಪುಗಳಲ್ಲಿ ಈ ಲೆಕ್ಕ ಹಾಕುವವರು ಕಡಿಮೆ. 1190ರ ಮಗುವಿನ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ತಿರುಗಿ ಹೊಡೆಯುವುದೂ ಉಂಟು. ಬಹುಪಾಲು ಕಾಲೇಜುಗಳು ಯಾವ ಅಂಕ ಕಳಿಸುವುದೆಂದು ನಮಗೇ ಬಿಡುತ್ತವೆ, ಆದರೆ ಜಾರ್ಜ್‌ಟೌನ್ ಬರೆದದ್ದೆಲ್ಲವನ್ನೂ ಕೇಳುತ್ತದೆ. ನಿದ್ದೆಗೆಟ್ಟು ಬರೆದ ನವೆಂಬರ್ ಪರೀಕ್ಷೆಯೂ ಅಲ್ಲಿ ಮೇಜಿನ ಮೇಲೆ ಬರುತ್ತದೆ. ಇನ್ನು ತಯಾರಿಯ ಮಾತು: ಬ್ಲೂಬುಕ್‌ನಲ್ಲಿರುವ ಅಧಿಕೃತ ಪ್ರಾಕ್ಟೀಸ್ ಟೆಸ್ಟುಗಳು ಕೆಲವೇ ಕೆಲವು. ಅಕ್ಟೋಬರ್ ಹೊತ್ತಿಗೆ ಮಕ್ಕಳು ಅವನ್ನೆಲ್ಲ ಮುಗಿಸಿರುತ್ತಾರೆ. ಎರಡನೇ ಸಲ ಮಾಡಿದಾಗ ಬರುವ 1560 ನೆನಪಿನ ಅಂಕ. ಅದನ್ನು ನಂಬಿ "ಪ್ರಾಕ್ಟೀಸ್‌ನಲ್ಲಿ ಅಷ್ಟು ಬರ್ತಿದೆ, ಎಕ್ಸಾಮ್‌ನಲ್ಲಿ ಯಾಕೆ ಬರಲ್ಲ" ಎಂದು ಮಗುವನ್ನು ಗದರುವ ತಂದೆಯರನ್ನು ನೋಡಿದ್ದೇನೆ. ಪರೀಕ್ಷೆಯಲ್ಲಿ ಮೊದಲ ಭಾಗ ಹೇಗೆ ಮಾಡುತ್ತೀರಿ ಎಂಬುದರ ಮೇಲೆ ಎರಡನೇ ಭಾಗ ಸುಲಭದ್ದೋ ಕಷ್ಟದ್ದೋ ಬರುತ್ತದೆ. ಸುಲಭದ್ದು ಬಂದರೆ ಎಲ್ಲ ಸರಿ ಮಾಡಿದರೂ ಅಂಕಕ್ಕೆ ಮೇಲುಮಿತಿ. ಮಕ್ಕಳಿಗೆ ಇದು ಗೊತ್ತು. ಎರಡನೇ ಭಾಗ ತೆರೆದು ಪ್ರಶ್ನೆಗಳು ಸಲೀಸಾಗಿ ಕಂಡರೆ ಅವರ ಎದೆ ಧಸಕ್ಕೆನ್ನುತ್ತದೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗನದು ಬೇರೆಯೇ ಗೋಳು. ಅವನಿಗೆ ಅದೇ ಶನಿವಾರಗಳು, ಅದೇ ಆ್ಯಪ್, ಆದರೆ ಶುಲ್ಕದ ಮೇಲೆ ಹೊರದೇಶದವರ ಹೆಚ್ಚುವರಿ ಶುಲ್ಕ. ಜೊತೆಗೆ ಕಾಲೇಜಿನ ಟೆಸ್ಟು, ಪ್ರಿಪರೇಟರಿ, ಮಾರ್ಚ್‌ನ ಬೋರ್ಡ್ ಪರೀಕ್ಷೆ, "ಇರಲಿ" ಎಂದು ಸಿಇಟಿ, ಕಾಮೆಡ್‌-ಕೆ. ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ಡಿಸೆಂಬರ್ ಎಸ್‌ಎಟಿ ಮೂರನೇ ದೋಣಿ. ಅಕ್ಕ ಕೇಳಿದಾಗ, ಆಗಸ್ಟ್‌ನಲ್ಲಿ ಬರೆದು ಮುಗಿಸಲಿ, ಆಮೇಲೆ ಅದರ ಸುದ್ದಿ ಎತ್ತಬೇಡಿ ಎಂದೆ. "ನಿನ್ ಭಾವ ಒಪ್ಪಬೇಕಲ್ಲೇ" ಎಂದಳು. ಭಾವ ಒಪ್ಪಿದರು, ಯಾಕೆಂದರೆ ಅಕ್ಟೋಬರಿಗೆ ಅವನ ಕಾಲೇಜಿನಲ್ಲಿ ಮಿಡ್‌ಟರ್ಮ್ ಇತ್ತು. ಪರೀಕ್ಷೆಯೇ ಪರೀಕ್ಷೆಯನ್ನು ತಡೆಯಿತು.

ಯುಸಿ ಅರ್ಜಿಯ ಮಾತಂತೂ ಹೇಳಲೇಬೇಕು. ಇಲ್ಲಿನ ಮಕ್ಕಳ ಪಟ್ಟಿಯಲ್ಲಿ ಯುಸಿಯ ಆರೇಳು ಕ್ಯಾಂಪಸ್‌ಗಳು ಇದ್ದೇ ಇರುತ್ತವೆ. ಅದರ ಗಡುವು ನವೆಂಬರ್ ಕೊನೆ. ಆ ಅರ್ಜಿಗೆ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡು ತಲಾ 350 ಪದದೊಳಗೆ ಉತ್ತರ ಬರೆಯಬೇಕು. ಪರೀಕ್ಷೆಯ ಅಂಕವನ್ನೇ ನೋಡದ ವ್ಯವಸ್ಥೆಯಲ್ಲಿ ಮಗು ತನ್ನ ಬಗ್ಗೆ ತನ್ನದೇ ಮಾತಿನಲ್ಲಿ ಹೇಳಿಕೊಳ್ಳಲು ಇರುವ ಮುಖ್ಯ ಜಾಗ ಅದು. ಆ ನಾಲ್ಕು ಉತ್ತರಗಳನ್ನು ನವೆಂಬರ್ 8ರ ಎಸ್‌ಎಟಿಗಾಗಿ ಥ್ಯಾಂಕ್ಸ್‌ಗಿವಿಂಗ್ ರಜೆಗೆ ತಳ್ಳಿದ ಮನೆಗಳು ನನಗೆ ಗೊತ್ತು. ಕೇಳುವವರಿಗೆ ಕೊಡಲು ಹೊತ್ತಿಲ್ಲ, ಬೇಡ ಎನ್ನುವವರಿಗಾಗಿ ತಯಾರಿ.

ಕೊನೆಯದಾಗಿ ಡಿಸೆಂಬರ್. ಈ ವಿಷಯ ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಅರ್ಲಿ ಅರ್ಜಿಗಳ ಉತ್ತರ ಬರಲು ಶುರುವಾಗುವುದು ಹೆಚ್ಚಾಗಿ ಡಿಸೆಂಬರ್ ಮಧ್ಯದಲ್ಲಿ. ಡಿಸೆಂಬರ್ ಎಸ್‌ಎಟಿ ಇರುವುದು ಮೊದಲ ವಾರದಲ್ಲಿ, ಅದಕ್ಕೆ ಹೆಸರು ಕೊಡುವ ಗಡುವು ನವೆಂಬರಿನಲ್ಲೇ ಮುಗಿದಿರುತ್ತದೆ. ಜನವರಿಯಲ್ಲಿ ಈಗ ಎಸ್‌ಎಟಿ ಇಲ್ಲ. ಅಂದರೆ ಅರ್ಲಿಯಲ್ಲಿ ಸಿಗಲಿಲ್ಲ, ಜನವರಿಯ ರೆಗ್ಯುಲರ್ ಸುತ್ತಿಗೆ ಅಂಕ ಸುಧಾರಿಸಬೇಕು ಎಂದು ತಿಳಿಯುವ ಹೊತ್ತಿಗೆ ಪರೀಕ್ಷೆಯೇ ಮುಗಿದುಹೋಗಿರುತ್ತದೆ. ಉತ್ತರ ಗೊತ್ತಿಲ್ಲದೆಯೇ ನವೆಂಬರಿನಲ್ಲಿ ತೀರ್ಮಾನ ಮಾಡಬೇಕು.

ಈಗ ಯಾರಾದರೂ ಕೇಳಿದರೆ ನಾನು ಒಂದೇ ಪ್ರಶ್ನೆ ತಿರುಗಿ ಕೇಳುತ್ತೇನೆ: ಇನ್ನು ಅರ್ಜಿ ಹಾಕಲು ಉಳಿದಿರುವ ಕಾಲೇಜುಗಳ ಹೆಸರು ಹೇಳಿ, ಅದರಲ್ಲಿ ಅಂಕ ಕೇಳುವ ಕಾಲೇಜುಗಳು ಎಷ್ಟು? ಸ್ಕೋರರ್ ಹುಡುಗನ ತಾಯಿಗೂ ಇದನ್ನೇ ಕೇಳಿದೆ. ಫೋನಿನಲ್ಲೇ ಎಣಿಸಿದರು. ಐದು ಯುಸಿ, ಅವು ಬೇಡವೆನ್ನುತ್ತವೆ. ಎರಡು ಆಪ್ಷನಲ್, ಅಲ್ಲಿಗೆ 1490 ಧಾರಾಳ. ಉಳಿದದ್ದೊಂದು. "ಒಂದಕ್ಕೋಸ್ಕರ ಬರೆಸ್ಬೇಕಾ ಅಂತೀರಾ?" ಎಂದರು. ನಾನೇನೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಡಿಸೆಂಬರಿಗೂ ಹೆಸರು ಕೊಟ್ಟಾಗಿತ್ತು. ಗಡುವಿನೊಳಗೆ ರದ್ದು ಮಾಡಿದರೆ ಶುಲ್ಕದಲ್ಲಿ ಸ್ವಲ್ಪ ಭಾಗ ವಾಪಸ್ ಬರುತ್ತದೆ. ರದ್ದು ಮಾಡಿದರು. "ಅವರಪ್ಪಂಗೆ ನೀವೇ ಹೇಳ್ಬಿಡ್ರೀ" ಎಂದು ಆ ಕೆಲಸವನ್ನು ಮಾತ್ರ ನನ್ನ ತಲೆಗೆ ಕಟ್ಟಿದರು. ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಎಸಿಟಿ ಟ್ರೈ ಮಾಡಿಸಬಹುದಾ?" ಎಂದರು.